ಇಂಡೆಕ್ಸ್ ಹಾಕಿದರೂ ಹುಡುಕಾಟ ನಿಧಾನವೇ? ಪೋಸ್ಟ್‌ಗ್ರೆಸ್‌ನಲ್ಲಿ ಹಂತ ಹಂತವಾಗಿ ಸರಿಪಡಿಸುವ ಬಗೆ

"ಹುಡುಕಾಟ ನಿಧಾನ ಇತ್ತು, ಇಂಡೆಕ್ಸ್ ಹಾಕಿದೆ, ಆದರೂ ಹಾಗೇ ಇದೆ." ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರಿಂದ ಈ ಮಾತನ್ನು ಕೇಳಿ ಕೇಳಿ ಇದನ್ನು ಬರೆಯಲು ಕೂತಿದ್ದೇನೆ. ಇಂಡೆಕ್ಸ್ ಅಂದರೆ ಬೇಗ ಹುಡುಕಲು ಟೇಬಲ್ ಪಕ್ಕ ಇಟ್ಟುಕೊಳ್ಳುವ ಪಟ್ಟಿ. ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಪ್ಲಾನ್ (ಡೇಟಾಬೇಸ್ ಯಾವ ದಾರಿಯಲ್ಲಿ ಹುಡುಕುತ್ತದೆ ಅನ್ನುವ ವಿವರ) ನೋಡುವ ಮೊದಲೇ ಇಂಡೆಕ್ಸ್ ಹಾಕುತ್ತಾರೆ. ಅದು ಕೆಲಸಕ್ಕೆ ಬರದಿದ್ದರೆ ಇನ್ನೊಂದು ಹಾಕುತ್ತಾರೆ. ಕೊನೆಗೆ ಒಂದೇ ಟೇಬಲ್ ಮೇಲೆ ಏಳೆಂಟು ಇಂಡೆಕ್ಸ್ ಕೂತಿರುತ್ತವೆ. ಹುಡುಕಾಟ ಮೊದಲಿನಷ್ಟೇ ನಿಧಾನ, ಜೊತೆಗೆ ಹೊಸ ಸಾಲು ಸೇರಿಸುವುದೂ ನಿಧಾನ.

ಹಾಗಾಗಿ ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗೆ ಒಂದು ಪುಸ್ತಕದಂಗಡಿಯ ಡೇಟಾಬೇಸ್ ಇಟ್ಟುಕೊಳ್ಳೋಣ. "ಪುಸ್ತಕಗಳು" ಅಂತ ಒಂದು ಟೇಬಲ್, ಎಂಟು ಲಕ್ಷ ಸಾಲು. ಕಾಲಂಗಳು ನಾಲ್ಕು: ಶೀರ್ಷಿಕೆ, ಲೇಖಕರು, ವಿವರ, ಸೇರಿಸಿದ ದಿನ. ಕಮಾಂಡ್‌ಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ನೀವು ಎಂದಿನಂತೆ ಮಾಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಟೂಲ್) ಬೇಕು. ಬೇರೆ ಟೂಲ್ ಬಳಸಿದರೂ ಪರವಾಗಿಲ್ಲ, ಆದರೆ ಪ್ಲಾನನ್ನು ಪೂರ್ತಿ ಪಠ್ಯವಾಗಿ ತೋರಿಸುವಂತಿರಬೇಕು. ಪ್ರತಿ ಕ್ವೆರಿ (ಡೇಟಾಬೇಸಿಗೆ ಕೊಡುವ ಪ್ರಶ್ನೆ) ಎಷ್ಟು ಸಮಯ ತಿಂದಿತು ಅಂತ ಲೆಕ್ಕ ಇಡುವ ಪಿಜಿ-ಸ್ಟ್ಯಾಟ್-ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಷನ್ ಬೇಕು. ಅದನ್ನು ಶೇರ್ಡ್-ಪ್ರೀಲೋಡ್-ಲೈಬ್ರರೀಸ್ ಸಾಲಿಗೆ ಸೇರಿಸಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡಲೇಬೇಕು, ಸುಮ್ನೆ ರೀಲೋಡ್ ಮಾಡಿದರೆ ಸಾಲದು.

ಎಲ್ಲಕ್ಕಿಂತ ಮುಖ್ಯವಾದದ್ದು, ನಿಜವಾದ ಡೇಟಾದಷ್ಟೇ ದೊಡ್ಡದಾದ ಒಂದು ನಕಲು. ನಾನು ಒಮ್ಮೆ ಲ್ಯಾಪ್‌ಟಾಪಿನಲ್ಲಿ ಐನೂರು ಸಾಲು ಇಟ್ಟುಕೊಂಡು ಅರ್ಧ ದಿನ ಕಳೆದಿದ್ದೇನೆ. ಇಂಡೆಕ್ಸ್ ಎಷ್ಟು ಸರಿಯಾಗಿ ಹಾಕಿದರೂ ಡೇಟಾಬೇಸ್ ಅದನ್ನು ಮುಟ್ಟುತ್ತಿರಲಿಲ್ಲ. ತಪ್ಪು ಅದರದ್ದಲ್ಲ. ಐನೂರು ಸಾಲಿನ ಟೇಬಲ್ಲನ್ನು ಪೂರ್ತಿ ಓದುವುದೇ ಅಗ್ಗ, ಇಂಡೆಕ್ಸ್ ತೆರೆದು ನೋಡುವುದೇ ದುಬಾರಿ. ಚಿಕ್ಕ ಟೇಬಲ್ ಮೇಲೆ ಮಾಡಿದ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

## ಹಂತ 1: ನಿಧಾನ ಇರುವ ಕ್ವೆರಿ ಯಾವುದು ಅಂತ ಹಿಡಿಯಿರಿ

ಬಳಸುವವರು "ಪುಟ ನಿಧಾನ" ಅನ್ನುತ್ತಾರೆ. ಆ ಪುಟದ ಹಿಂದೆ ಹತ್ತು ಕ್ವೆರಿ ಇರಬಹುದು. ಪಿಜಿ-ಸ್ಟ್ಯಾಟ್-ಸ್ಟೇಟ್‌ಮೆಂಟ್ಸ್‌ನಲ್ಲಿ ಒಟ್ಟು ಸಮಯದ ಪ್ರಕಾರ ಜೋಡಿಸಿ, ಮೇಲಿನ ಹತ್ತನ್ನು ನೋಡಿ. ಸರಾಸರಿ ಸಮಯವನ್ನಷ್ಟೇ ನೋಡುವುದು ಇಲ್ಲಿನ ಸಾಮಾನ್ಯ ತಪ್ಪು. ದಿನಕ್ಕೊಮ್ಮೆ ಓಡಿ ಹತ್ತು ಸೆಕೆಂಡ್ ತಿನ್ನುವ ವರದಿಗಿಂತ, ನಿಮಿಷಕ್ಕೆ ಸಾವಿರ ಸಲ ಓಡಿ ಪ್ರತಿ ಸಲ 80 ಮಿಲಿಸೆಕೆಂಡ್ ತಿನ್ನುವ ಹುಡುಕಾಟ ಸರ್ವರ್‌ಗೆ ಎಷ್ಟೋ ಜಾಸ್ತಿ ಭಾರ.

ಇನ್ನೊಂದು ವಿಷಯ. ಅಲ್ಲಿ ನಿಜವಾದ ಹುಡುಕು ಪದದ ಜಾಗದಲ್ಲಿ ಡಾಲರ್ ಗುರುತಿನ ಜೊತೆ ಒಂದು ಅಂಕಿ ಇರುತ್ತದೆ. ಯಾವ ಪದಕ್ಕೆ ನಿಧಾನ ಅಂತ ಬೇರೆಯಾಗಿ ತಿಳಿದುಕೊಳ್ಳಿ. "ಕಾದಂಬರಿ"ಗೆ ನಿಧಾನ ಆಗುವುದಕ್ಕೂ ಅಪರೂಪದ ಒಂದು ಊರಿನ ಹೆಸರಿಗೆ ನಿಧಾನ ಆಗುವುದಕ್ಕೂ ಕಾರಣ ಬೇರೆ ಬೇರೆ. ಇದು ಆರನೇ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

## ಹಂತ 2: ಪ್ಲಾನ್ ಓದಿ

ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಹಾಕಿ, ಆವರಣದಲ್ಲಿ ಅನಲೈಜ್ ಮತ್ತು ಬಫರ್ಸ್ ಎರಡನ್ನೂ ಕೊಡಿ. ಬರೀ ಎಕ್ಸ್‌ಪ್ಲೇನ್ ಕೊಟ್ಟರೆ ಸಿಗುವುದು ಅಂದಾಜು ಮಾತ್ರ. ಅನಲೈಜ್ ಕೊಟ್ಟಾಗ ಕ್ವೆರಿ ನಿಜವಾಗಿಯೂ ಓಡುತ್ತದೆ ಅನ್ನುವುದು ನೆನಪಿರಲಿ. ಅಪ್‌ಡೇಟ್, ಡಿಲೀಟ್ ಪರೀಕ್ಷೆ ಮಾಡುವುದಿದ್ದರೆ ಮೊದಲು ಬಿಗಿನ್, ಕೊನೆಗೆ ರೋಲ್‌ಬ್ಯಾಕ್. ಮರೆತರೆ ಡೇಟಾ ಹೋಯಿತು.

ನಮ್ಮ ಪುಸ್ತಕದಂಗಡಿಯಲ್ಲಿ ಹೀಗೆ ಬಂತು ಅಂದುಕೊಳ್ಳಿ:

ಸೀಕ್ ಸ್ಕ್ಯಾನ್ ಆನ್ ಪುಸ್ತಕಗಳು
ಫಿಲ್ಟರ್: ಶೀರ್ಷಿಕೆ ಲೈಕ್ '%ರಾಜ%'
ರೋಸ್ ರಿಮೂವ್ಡ್ ಬೈ ಫಿಲ್ಟರ್: 799640
ಬಫರ್ಸ್: ಶೇರ್ಡ್ ಹಿಟ್=212 ರೀಡ್=41788

ಮೊದಲ ಸಾಲು ಹೇಳುವುದು, ಟೇಬಲ್ಲನ್ನು ತುದಿಯಿಂದ ತುದಿಯವರೆಗೆ ಓದಿದೆ ಅಂತ. ಎರಡನೆಯದು ಹುಡುಕಿದ ಷರತ್ತು, ಶೇಕಡಾ ಗುರುತು ಅಂದರೆ ಆ ಜಾಗದಲ್ಲಿ ಏನು ಬೇಕಾದರೂ ಇರಬಹುದು ಅಂತ. ಮೂರನೇ ಸಾಲೇ ಅಸಲಿ ಸುಳಿವು. 360 ಸಾಲು ಕೊಡಲು ಸುಮಾರು ಎಂಟು ಲಕ್ಷ ಸಾಲು ಓದಿ ಎಸೆದಿದೆ. ನಾಲ್ಕನೇ ಸಾಲಿನಲ್ಲಿ ಹಿಟ್ ಅಂದರೆ ಪೋಸ್ಟ್‌ಗ್ರೆಸ್‌ನ ಮೆಮೊರಿಯಲ್ಲೇ ಸಿಕ್ಕ ಬ್ಲಾಕು, ರೀಡ್ ಅಂದರೆ ಅಲ್ಲಿಲ್ಲದೆ ಹೊರಗಿನಿಂದ ತಂದದ್ದು. ಒಂದು ಬ್ಲಾಕ್ 8 ಕಿಲೋಬೈಟ್. ಎರಡೂ ಸೇರಿ 42 ಸಾವಿರ ಬ್ಲಾಕ್, ಅಂದರೆ ಒಂದು ಪದಕ್ಕಾಗಿ 300 ಎಂಬಿಗಿಂತ ಜಾಸ್ತಿ ಓದು.

ಪ್ಲಾನ್ ಓದುವಾಗ ಎಲ್ಲರೂ ಬೀಳುವ ಎರಡು ಗುಂಡಿ ಇವೆ. ಒಂದು, ಅದೇ ಕ್ವೆರಿಯನ್ನು ಎರಡನೇ ಸಲ ಓಡಿಸಿ "ಈಗ ಬೇಗ ಬಂತು, ಸರಿಯಾಯಿತು" ಅನ್ನುವುದು. ಬ್ಲಾಕುಗಳು ಮೆಮೊರಿಗೆ ಬಂದು ಕೂತಿವೆ, ಅಷ್ಟೇ. ಸಮಯ ಹೋಲಿಸಬೇಡಿ, ಹಿಟ್ ಮತ್ತು ರೀಡ್ ಕೂಡಿಸಿ ಹೋಲಿಸಿ. ಇನ್ನೊಂದು, ಲೂಪ್ಸ್ ಅನ್ನುವ ಅಂಕಿಯನ್ನು ಬಿಟ್ಟುಬಿಡುವುದು. ಪ್ಲಾನಿನಲ್ಲಿ ಪ್ಯಾರಲಲ್ ಅಂತ ಇದ್ದರೆ, ಅಥವಾ ನೆಸ್ಟೆಡ್ ಲೂಪಿನ ಒಳಗಿದ್ದರೆ, ತೋರಿಸುವ ಸಾಲುಗಳ ಸಂಖ್ಯೆ ಒಂದು ಸುತ್ತಿನ ಸರಾಸರಿ. ಲೂಪ್ಸ್‌ನಿಂದ ಗುಣಿಸಿದ ಮೇಲೆಯೇ ನಿಜವಾದ ಲೆಕ್ಕ.

## ಹಂತ 3: ಹುಡುಕಾಟದ ರೂಪಕ್ಕೆ ತಕ್ಕ ಇಂಡೆಕ್ಸ್ ಆರಿಸಿ

ಎಲ್ಲರೂ ಅವಸರ ಮಾಡುವುದು ಇಲ್ಲೇ. ನೀವು ಇಲ್ಲಿ ನಿಧಾನಿಸಿ.

ಒಂದು ಕನ್ನಡ ನಿಘಂಟು ತೆಗೆದು "ರಾಜ"ದಿಂದ ಶುರುವಾಗುವ ಪದ ಹುಡುಕಿ. ರಾಜಕೀಯ, ರಾಜಧಾನಿ, ರಾಜಿ ಎಲ್ಲ ಒಂದೇ ಕಡೆ, ಕ್ಷಣದಲ್ಲಿ ಸಿಗುತ್ತವೆ. ಈಗ "ರಾಜ" ಕೊನೆಯಲ್ಲಿ ಬರುವ ಪದ ಹುಡುಕಿ. ಮಹಾರಾಜ ಒಂದು ಕಡೆ, ಯುವರಾಜ ಇನ್ನೊಂದು ಕಡೆ, ಧರ್ಮರಾಜ ಮತ್ತೊಂದು ಕಡೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ಬೇರೆ ದಾರಿ ಇಲ್ಲ, ಅಲ್ವಾ? ಬಿ-ಟ್ರೀ ಇಂಡೆಕ್ಸ್ ಇಂಥದೇ ನಿಘಂಟು. ಸುಮ್ನೆ ಕ್ರಿಯೇಟ್ ಇಂಡೆಕ್ಸ್ ಅಂದರೆ ಸಿಗುವುದು ಅದೇ. ಪದದ ಮುಂದೆ ಶೇಕಡಾ ಗುರುತು ಹಾಕಿದ ತಕ್ಷಣ ಅದರ ಜೋಡಣೆಯಿಂದ ನಿಮಗೆ ಪ್ರಯೋಜನ ಇಲ್ಲ.

ಪದದ ಶುರುವಿನಿಂದ ಹುಡುಕುವುದಾದರೆ, ಅಂದರೆ 'ರಾಜ%' ಅಂತ, ಬಿ-ಟ್ರೀ ಸಾಕು. ಆದರೆ ಇಲ್ಲೂ ಒಂದು ಮುಳ್ಳಿದೆ. ಡೇಟಾಬೇಸಿನ ಕೊಲೇಷನ್ (ಅಕ್ಷರಗಳನ್ನು ಜೋಡಿಸುವ ಕ್ರಮ) 'ಸಿ' ಅಲ್ಲದಿದ್ದರೆ ಮಾಮೂಲಿ ಬಿ-ಟ್ರೀ ಲೈಕ್‌ಗೆ ಬಳಕೆಯಾಗುವುದಿಲ್ಲ. ಇಂಡೆಕ್ಸ್ ಮಾಡುವಾಗ ಕಾಲಂ ಹೆಸರಿನ ಪಕ್ಕ ಟೆಕ್ಸ್ಟ್-ಪ್ಯಾಟರ್ನ್-ಆಪ್ಸ್ ಅಂತ ಸೇರಿಸಬೇಕು. "ಶುರುವಿನಿಂದಲೇ ಹುಡುಕುತ್ತಿದ್ದೇನೆ, ಆದರೂ ಸೀಕ್ ಸ್ಕ್ಯಾನ್" ಅನ್ನುವವರಲ್ಲಿ ಬಹಳ ಜನರಿಗೆ ಕಾರಣ ಇದೇ ಆಗಿರುತ್ತದೆ.

ನಡುವೆ ಎಲ್ಲಿದ್ದರೂ ಸಿಗಬೇಕು ಅಂದರೆ ಪಿಜಿ-ಟಿಆರ್‌ಜಿಎಂ ಎಕ್ಸ್‌ಟೆನ್ಷನ್ ಹಾಕಿ, ಜಿನ್ ಬಗೆಯ (ಪ್ರತಿ ತುಂಡು ಯಾವ ಯಾವ ಸಾಲಿನಲ್ಲಿದೆ ಅಂತ ಇಟ್ಟುಕೊಳ್ಳುವ) ಇಂಡೆಕ್ಸನ್ನು ಜಿನ್-ಟಿಆರ್‌ಜಿಎಂ-ಆಪ್ಸ್ ಜೊತೆ ಮಾಡಿ. ಇದು ಪದವನ್ನು ಮೂರು ಮೂರು ಅಕ್ಷರದ ತುಂಡು (ಟ್ರೈಗ್ರಾಂ) ಮಾಡಿ ಇಟ್ಟುಕೊಳ್ಳುತ್ತದೆ. ಲೈಕ್, ಐ-ಲೈಕ್, ರೆಗ್ಯುಲರ್ ಎಕ್ಸ್‌ಪ್ರೆಷನ್ ಎಲ್ಲಕ್ಕೂ ಆಗುತ್ತದೆ. ನಡುವಿನ ಹುಡುಕಾಟಕ್ಕೆ ಮೂರಕ್ಕಿಂತ ಕಡಿಮೆ ಅಕ್ಷರ ಕೊಟ್ಟರೆ ಮಾತ್ರ ಪ್ರಯೋಜನ ಇಲ್ಲ. ಹುಡುಕಲು ತುಂಡೇ ಸಿಗದೆ ಇಡೀ ಇಂಡೆಕ್ಸನ್ನು ಓದಬೇಕಾಗುತ್ತದೆ. ಹುಡುಕು ಪೆಟ್ಟಿಗೆಯಲ್ಲೇ ಕನಿಷ್ಠ ಅಕ್ಷರದ ಮಿತಿ ಇಡಿ.

ದೊಡ್ಡ ವಿವರದೊಳಗೆ ಪೂರ್ತಿ ಪದ ಹುಡುಕುವುದಾದರೆ ಫುಲ್-ಟೆಕ್ಸ್ಟ್ ಸರ್ಚ್ ಸರಿ. ಟಿಎಸ್-ವೆಕ್ಟರ್ (ಪಠ್ಯದಿಂದ ಬಿಡಿಸಿದ ಪದಗಳ ಪಟ್ಟಿ) ಮೇಲೆ ಜಿನ್ ಇಂಡೆಕ್ಸ್ ಹಾಕುವುದು. ಇಲ್ಲಿ ಅತಿ ಸಾಮಾನ್ಯ ತಪ್ಪು ಭಾಷೆಯ ಹೆಸರು ಬಿಡುವುದು. ಟು-ಟಿಎಸ್-ವೆಕ್ಟರ್‌ಗೆ ಕಾಲಂ ಹೆಸರು ಮಾತ್ರ ಕೊಟ್ಟರೆ ಅದರ ಮೇಲೆ ಇಂಡೆಕ್ಸ್ ಮಾಡಲು ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. 'ಸಿಂಪಲ್' ಅಥವಾ 'ಇಂಗ್ಲಿಷ್' ಅಂತ ಮೊದಲು ಹೇಳಬೇಕು. ಇಂಡೆಕ್ಸಿನಲ್ಲಿ ಹೇಗೆ ಬರೆದಿರೋ ಕ್ವೆರಿಯಲ್ಲೂ ಹಾಗೇ ಬರೆಯಬೇಕು, ಇಲ್ಲದಿದ್ದರೆ ಇಂಡೆಕ್ಸ್ ಹಿಡಿಯುವುದಿಲ್ಲ. ಈ ತಲೆನೋವು ಬೇಡ ಅಂದರೆ ಟಿಎಸ್-ವೆಕ್ಟರ್‌ಗೆ ಒಂದು ಜನರೇಟೆಡ್ ಕಾಲಂ (ಬೇರೆ ಕಾಲಂನಿಂದ ತಾನಾಗಿ ತುಂಬುವ ಕಾಲಂ) ಮಾಡಿ. ಇದು 12ನೇ ಆವೃತ್ತಿಯಿಂದ ಇದೆ. ಎಚ್ಚರಿಕೆ: ಆ ಕಾಲಂ ಸೇರಿಸುವಾಗ ಇಡೀ ಟೇಬಲ್ ಮತ್ತೆ ಬರೆಯಲ್ಪಡುತ್ತದೆ. ಅಷ್ಟು ಹೊತ್ತು ಅದನ್ನು ಓದಲೂ ಆಗುವುದಿಲ್ಲ. ಹಗಲು ಹೊತ್ತಿನಲ್ಲಿ ಬೇಡ.

ಕನ್ನಡ ಪಠ್ಯ ಇರುವವರಿಗೆ ಇನ್ನೊಂದು ಮಾತು. ಪೋಸ್ಟ್‌ಗ್ರೆಸ್ ಜೊತೆ ತಮಿಳು, ಹಿಂದಿಯ ಸ್ಟೆಮ್ಮರ್ (ಪ್ರತ್ಯಯ ತೆಗೆದು ಪದದ ಮೂಲರೂಪ ಕೊಡುವ ಸೌಲಭ್ಯ) ಬರುತ್ತದೆ, ಕನ್ನಡದ್ದು ಇಲ್ಲ. ಆದ್ದರಿಂದ 'ಸಿಂಪಲ್' ಬಳಸಬೇಕು. ಆಗ "ಮನೆ" ಅಂತ ಹುಡುಕಿದರೆ "ಮನೆಯಲ್ಲಿ", "ಮನೆಗೆ" ಸಿಗುವುದಿಲ್ಲ. ವಿಭಕ್ತಿ ಸೇರಿದರೆ ಅದಕ್ಕೆ ಅದು ಬೇರೆಯೇ ಪದ. ಪದದ ಕೊನೆಗೆ :* ಹಾಕಿ ಟು-ಟಿಎಸ್-ಕ್ವೆರಿಗೆ ಕೊಟ್ಟರೆ ಈ ರೂಪಗಳೆಲ್ಲ ಸಿಗುತ್ತವೆ. "ಮನೆತನ"ವೂ ಬರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. "ಊರು" ಥರದ ಪದಕ್ಕೆ ಕೊನೆಯ ಉಕಾರ ತೆಗೆದು 'ಊರ:*' ಅಂತ ಕೊಡಿ, ಆಗ "ಊರಿಗೆ", "ಊರಲ್ಲಿ" ಕೂಡ ಸಿಗುತ್ತವೆ. ವೆಬ್‌ಸರ್ಚ್-ಟು-ಟಿಎಸ್-ಕ್ವೆರಿಯಲ್ಲಿ ಈ :* ನಡೆಯುವುದಿಲ್ಲ ಅನ್ನುವುದು ಗಮನದಲ್ಲಿರಲಿ.

## ಹಂತ 4: ಕನ್ನಡ ಅಕ್ಷರಗಳನ್ನು ಪರೀಕ್ಷಿಸಿ

ಈ ಹಂತವನ್ನು ಬಿಟ್ಟವರು ಕೊನೆಗೆ ಇಲ್ಲಿಗೇ ವಾಪಸ್ ಬರುತ್ತಾರೆ. ನಿಮ್ಮ ಟೇಬಲ್‌ನಲ್ಲಿ ಕನ್ನಡ ಇಲ್ಲದಿದ್ದರೆ ಮುಂದಕ್ಕೆ ಹೋಗಿ.

ಕಣ್ಣಿಗೆ ಕಾಣುವ ಅಕ್ಷರ ಬೇರೆ, ಡೇಟಾಬೇಸ್ ಎಣಿಸುವ ಅಕ್ಷರ ಬೇರೆ. "ರಾಜ" ನಮಗೆ ಎರಡಕ್ಷರ, ಅದಕ್ಕೆ ಮೂರು: ರ, ಆ ಕಾರದ ಗುರುತು, ಜ. "ಕನ್ನಡ" ನಮಗೆ ಮೂರು, ಅದಕ್ಕೆ ಐದು. ಮೂರಕ್ಷರದ ಮಿತಿ ಇಡುವಾಗ ಈ ಲೆಕ್ಕವನ್ನೇ ಹಿಡಿಯಿರಿ.

ಈಗ ಎರಡು ಪರೀಕ್ಷೆ. ಮೊದಲು ಶೋ-ಟಿಆರ್‌ಜಿಎಂ ಫಂಕ್ಷನ್‌ಗೆ 'ಕನ್ನಡ' ಅಂತ ಕೊಡಿ. ಖಾಲಿ ಆವರಣ ಬಂದರೆ ನಿಮ್ಮ ಡೇಟಾಬೇಸಿನ ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಕನ್ನಡವನ್ನು ಅಕ್ಷರ ಅಂತಲೇ ಎಣಿಸುತ್ತಿಲ್ಲ. ಲೊಕೇಲ್ ಸಿ ಆಗಿದ್ದಾಗ ಹೀಗಾಗುತ್ತದೆ. ಆಗ ಟ್ರೈಗ್ರಾಂ ಇಂಡೆಕ್ಸ್ ಹಾಕಿ ಏನೂ ಪ್ರಯೋಜನ ಇಲ್ಲ. ಸರಿಯಾದ ಲೊಕೇಲ್ ಇರುವ ಹೊಸ ಡೇಟಾಬೇಸಿಗೆ ಡೇಟಾ ಸಾಗಿಸಬೇಕು.

0x ಅಂತ ಶುರುವಾಗುವ ಹೆಕ್ಸಾಡೆಸಿಮಲ್ ಸಂಖ್ಯೆಗಳು ಬಂದರೆ ಎರಡನೇ ಪರೀಕ್ಷೆ: ಅದೇ ಫಂಕ್ಷನ್‌ಗೆ 'ಕನ ನಡ' ಅಂತ ನಡುವೆ ಜಾಗ ಬಿಟ್ಟು ಕೊಡಿ. ಎರಡರ ಉತ್ತರವೂ ಒಂದೇ ಆದರೆ ಅರ್ಧಾಕ್ಷರದ ಗುರುತನ್ನು ನಿಮ್ಮ ಸರ್ವರ್ ಖಾಲಿ ಜಾಗ ಅಂತ ತಿಳಿಯುತ್ತಿದೆ. ಫಲಿತಾಂಶ ತಪ್ಪಾಗುವುದಿಲ್ಲ, ಕೊನೆಗೆ ಸಾಲನ್ನು ಮತ್ತೆ ಪರಿಶೀಲಿಸಿಯೇ ಕೊಡುತ್ತದೆ. ಆದರೆ ಒತ್ತಕ್ಷರ ಜಾಸ್ತಿ ಇರುವ ಪದಕ್ಕೆ ಇಂಡೆಕ್ಸಿನ ಹಿಡಿತ ಸಡಿಲವಾಗುತ್ತದೆ.

ಇನ್ನು ನಿಧಾನದ ಮಾತಲ್ಲ, ಸಿಗದೇ ಇರುವ ಮಾತು. "ಸಾಫ್ಟ್‌ವೇರ್" ಅಂತ ಬರೆಯುವಾಗ ಕೆಲವರ ಕೀಬೋರ್ಡ್ ಟ್ ಮತ್ತು ವೇ ನಡುವೆ ಕಾಣದ ಒಂದು ಅಕ್ಷರ ಸೇರಿಸುತ್ತದೆ. ಅದಕ್ಕೆ ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಹೆಸರು. ಅದು ಇರುವ ಪದ, ಇಲ್ಲದ ಪದ ಎರಡೂ ಲೈಕ್‌ಗೆ ಬೇರೆ ಬೇರೆ. ಹಾಗೇ "ಕೋ" ಅನ್ನುವುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಬರೆಯಬಹುದು, ಎರಡು ಮೂರು ತುಂಡು ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಡೇಟಾ ಒಳಗೆ ಹೋಗುವಾಗಲೇ ನಾರ್ಮಲೈಜ್ ಫಂಕ್ಷನ್ನಿನಿಂದ ಒಂದೇ ರೂಪಕ್ಕೆ ತನ್ನಿ. ಇದು 13ನೇ ಆವೃತ್ತಿಯಿಂದ ಇದೆ. ಕಾಣದ ಅಕ್ಷರವನ್ನು ಅದು ತೆಗೆಯುವುದಿಲ್ಲ, ಅದಕ್ಕೆ ರಿಪ್ಲೇಸ್ ಬೇರೆ ಬೇಕು. ತೋರಿಸುವ ಕಾಲಂ ಹಾಗೇ ಇರಲಿ. ಹುಡುಕಲಿಕ್ಕೆ ಬೇರೆ ಕಾಲಂ ಇಟ್ಟು ಅದರಲ್ಲಿ ಮಾತ್ರ ತೆಗೆಯಿರಿ. ಹುಡುಕುವವರು ಕೊಟ್ಟ ಪದಕ್ಕೂ ಇದೇ ಶುದ್ಧಿ ಮಾಡಿ, ಒಂದು ಕಡೆ ಮಾಡಿ ಇನ್ನೊಂದು ಕಡೆ ಬಿಟ್ಟರೆ ಮೊದಲಿಗಿಂತ ಕಷ್ಟ.

## ಹಂತ 5: ಅಂಗಡಿ ಮುಚ್ಚದೆ ಇಂಡೆಕ್ಸ್ ಹಾಕಿ

ಮಾಮೂಲಿ ಕ್ರಿಯೇಟ್ ಇಂಡೆಕ್ಸ್ ಮುಗಿಯುವವರೆಗೆ ಟೇಬಲ್‌ಗೆ ಬರೆಯುವ ಕೆಲಸವೆಲ್ಲ ನಿಲ್ಲುತ್ತದೆ. ಲೈವ್ ಸರ್ವರ್ ಮೇಲೆ ಕನ್‌ಕರೆಂಟ್ಲಿ ಸೇರಿಸಿ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ಇದು ಟ್ರಾನ್ಸಾಕ್ಷನ್ ಒಳಗೆ ನಡೆಯುವುದಿಲ್ಲ. ನಿಮ್ಮ ಮೈಗ್ರೇಷನ್ ಟೂಲ್ ಎಲ್ಲವನ್ನೂ ಟ್ರಾನ್ಸಾಕ್ಷನ್‌ನಲ್ಲಿ ಸುತ್ತುತ್ತಿದ್ದರೆ ಅದನ್ನು ಮೊದಲು ಆಫ್ ಮಾಡಿ.

ನಡುವೆ ನಿಂತುಹೋದರೆ ಅರೆಬರೆ ಇಂಡೆಕ್ಸ್ ಒಂದು ಉಳಿಯುತ್ತದೆ. ಟೇಬಲ್ ವಿವರ ತೆಗೆದರೆ ಅದರ ಪಕ್ಕ ಇನ್‌ವ್ಯಾಲಿಡ್ ಅಂತ ಕಾಣುತ್ತದೆ. ಹುಡುಕಾಟಕ್ಕೆ ಅದು ಬಳಕೆಯಾಗುವುದಿಲ್ಲ, ಆದರೆ ಪ್ರತಿ ಬರಹದ ಭಾರವನ್ನೂ ಹೊರುತ್ತಿರುತ್ತದೆ. ತೆಗೆದುಹಾಕಿ ಮತ್ತೆ ಮಾಡಿ.

ಮುಗಿದ ಮೇಲೆ ಟೇಬಲ್ ಮೇಲೆ ಒಮ್ಮೆ ಅನಲೈಜ್ ಓಡಿಸಿ. ಇದು ಎರಡನೇ ಹಂತದ ಅನಲೈಜ್ ಅಲ್ಲ, ಟೇಬಲ್‌ನ ಅಂಕಿಅಂಶವನ್ನು ಹೊಸದಾಗಿ ಲೆಕ್ಕ ಹಾಕುವ ಬೇರೆ ಕಮಾಂಡ್. ಲೋವರ್ ಥರದ ಫಂಕ್ಷನ್ ಮೇಲೆ ಮಾಡಿದ ಇಂಡೆಕ್ಸಿಗೆ ಇದು ತೀರಾ ಅಗತ್ಯ, ಅದರ ಅಂಕಿಅಂಶ ಸಿಗುವುದು ಅನಲೈಜ್ ಆದ ಮೇಲೆಯೇ.

## ಹಂತ 6: ಇಂಡೆಕ್ಸ್ ಇದ್ದೂ ಮುಟ್ಟುತ್ತಿಲ್ಲವೇ?

ಮೊದಲು ನಿಮ್ಮ ಸೆಷನ್ನಿನಲ್ಲಿ ಮಾತ್ರ ಎನೇಬಲ್-ಸೀಕ್‌ಸ್ಕ್ಯಾನ್ ಆಫ್ ಮಾಡಿ ಪ್ಲಾನ್ ನೋಡಿ. ಆಗಲೂ ಇಂಡೆಕ್ಸ್ ಬಾರದಿದ್ದರೆ ಅದು ಈ ಕ್ವೆರಿಗೆ ಹೊಂದುವುದೇ ಇಲ್ಲ, ಮೂರನೇ ಹಂತಕ್ಕೆ ವಾಪಸ್ ಹೋಗಿ. ಬಂದರೆ, ಹೊಂದುತ್ತದೆ ಆದರೆ ದುಬಾರಿ ಅಂತ ಪ್ಲಾನರ್ (ಪ್ಲಾನ್ ಆರಿಸುವ ಭಾಗ) ಎಣಿಸಿದೆ. ಈ ಸೆಟ್ಟಿಂಗನ್ನು ಲೈವ್ ಸರ್ವರ್‌ನಲ್ಲಿ ಹಾಗೇ ಬಿಟ್ಟು ಹೋಗಬೇಡಿ.

ಹೊಂದದೇ ಇರಲು ಕಾರಣಗಳು ಸಾಮಾನ್ಯವಾಗಿ ಇವು. ಇಂಡೆಕ್ಸ್ ಶೀರ್ಷಿಕೆ ಮೇಲಿದೆ, ಕ್ವೆರಿ ಲೋವರ್(ಶೀರ್ಷಿಕೆ) ಅನ್ನುತ್ತಿದೆ. ಕನ್ನಡಕ್ಕೆ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಆದರೆ ಇಂಗ್ಲಿಷ್ ಶೀರ್ಷಿಕೆಗಳಿಗಾಗಿ ಯಾರೋ ಹಾಕಿರುತ್ತಾರೆ. ಇಲ್ಲವೇ ಲೇಖಕರ ಹೆಸರನ್ನು ಬೇರೆ ಟೇಬಲ್ಲಿನಲ್ಲಿ ಇಟ್ಟು, "ಶೀರ್ಷಿಕೆಯಲ್ಲಿ ಇರಲಿ ಅಥವಾ ಲೇಖಕರ ಹೆಸರಲ್ಲಿ ಇರಲಿ" ಅಂತ ಎರಡು ಬೇರೆ ಟೇಬಲ್‌ಗಳ ಮೇಲೆ ಆರ್ ಹಾಕಿದೆ. ಆಗ ಎರಡರ ಇಂಡೆಕ್ಸೂ ವ್ಯರ್ಥ. ಎರಡು ಕ್ವೆರಿ ಮಾಡಿ ಯೂನಿಯನ್‌ನಿಂದ ಸೇರಿಸಿ.

ಪಿಎಸ್‌ಕ್ಯೂಎಲ್‌ನಲ್ಲಿ ಬೇಗ, ಅಪ್ಲಿಕೇಷನ್‌ನಲ್ಲಿ ನಿಧಾನ ಅಂದರೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಒಮ್ಮೆ ಸಿದ್ಧಪಡಿಸಿ, ಪದ ಮಾತ್ರ ಬದಲಿಸಿ ಮತ್ತೆ ಮತ್ತೆ ಓಡಿಸುವ ಕ್ವೆರಿ) ಮೇಲೆ ಅನುಮಾನ ಪಡಿ. ಐದು ಸಲ ಓಡಿದ ಮೇಲೆ ಪೋಸ್ಟ್‌ಗ್ರೆಸ್ ಎಲ್ಲ ಪದಕ್ಕೂ ಒಂದೇ ಪ್ಲಾನ್ ಸಾಕು ಅಂತ ತೀರ್ಮಾನಿಸಬಹುದು. ಶೇಕಡಾ ಗುರುತು ಎಲ್ಲಿದೆ ಅಂತ ಗೊತ್ತಿಲ್ಲದ ಆ ಪ್ಲಾನಿಗೆ ಬಿ-ಟ್ರೀ ಬಳಸಲು ಆಗುವುದಿಲ್ಲ. ಪ್ಲಾನ್-ಕ್ಯಾಶ್-ಮೋಡ್ ಅನ್ನು ಫೋರ್ಸ್-ಕಸ್ಟಮ್-ಪ್ಲಾನ್ ಮಾಡಿ ನೋಡಿ.

ದುಬಾರಿ ಅಂತ ಎಣಿಸಿದ್ದರೆ ರ್‍ಯಾಂಡಮ್-ಪೇಜ್-ಕಾಸ್ಟ್ ನೋಡಿ. ಅದು ತಾನಾಗಿ 4 ಇರುತ್ತದೆ, ತಿರುಗುವ ಡಿಸ್ಕ್ ಮನಸ್ಸಿನಲ್ಲಿಟ್ಟು ಕೊಟ್ಟ ಅಂಕಿ. ಎಸ್‌ಎಸ್‌ಡಿ ಇದ್ದರೆ ಸಾಮಾನ್ಯವಾಗಿ 1.1 ಇಡುತ್ತಾರೆ.

ಈಗ ನನಗೆ ಅತಿ ಹೆಚ್ಚು ಸಲ ಎದುರಾದ ತೊಂದರೆ. ಕ್ವೆರಿಯ ಕೊನೆಗೆ "ಹೊಸದು ಮೊದಲು, 20 ಸಾಲು ಸಾಕು" ಅಂತ ಆರ್ಡರ್ ಬೈ ಮತ್ತು ಲಿಮಿಟ್ ಇದೆ. ಸೇರಿಸಿದ ದಿನದ ಮೇಲೂ ಒಂದು ಇಂಡೆಕ್ಸ್ ಇದೆ. ಪ್ಲಾನರ್ ಲೆಕ್ಕ ಹಾಕುತ್ತದೆ: ದಿನದ ಇಂಡೆಕ್ಸಿನಲ್ಲಿ ಹೊಸದರಿಂದ ಹಿಂದಕ್ಕೆ ನಡೆಯುತ್ತೇನೆ, ದಾರಿಯಲ್ಲಿ 20 ಸಿಕ್ಕಿದ ಕೂಡಲೇ ನಿಲ್ಲುತ್ತೇನೆ. "ಕಾದಂಬರಿ"ಗೆ ಇದು ಒಳ್ಳೆಯ ಉಪಾಯ, ಹೆಜ್ಜೆಗೊಂದು ಸಿಗುತ್ತದೆ. ಇಡೀ ಟೇಬಲ್‌ನಲ್ಲಿ ಆರೇ ಸಲ ಬರುವ ಪದಕ್ಕೆ ಇದೇ ಪ್ಲಾನ್ ಹಿಡಿದರೆ 20 ಎಂದೂ ಸಿಗುವುದಿಲ್ಲ, ಎಂಟು ಲಕ್ಷವನ್ನೂ ನಡೆದು ಮುಗಿಸುತ್ತದೆ. ಪ್ಲಾನಿನಲ್ಲಿ ಇಂಡೆಕ್ಸ್ ಸ್ಕ್ಯಾನ್ ಬ್ಯಾಕ್‌ವರ್ಡ್ ಅಂತಲೂ, ಕೆಳಗೆ ರೋಸ್ ರಿಮೂವ್ಡ್ ಬೈ ಫಿಲ್ಟರ್ ಲಕ್ಷಗಟ್ಟಲೆ ಅಂತಲೂ ಇದ್ದರೆ ಇದೇ. "ಇಂಡೆಕ್ಸ್ ಸ್ಕ್ಯಾನ್ ಅಂತ ಇದೆಯಲ್ಲ, ಸರಿ ಇದೆ" ಅಂದುಕೊಂಡು ಮೋಸ ಹೋಗಬೇಡಿ. ಅದು ತಪ್ಪು ಇಂಡೆಕ್ಸ್.

ಪರಿಹಾರ: ಹುಡುಕುವ ಭಾಗವನ್ನು ವಿತ್ ಒಳಗೆ ಹಾಕಿ, ಆ್ಯಸ್ ಮೆಟೀರಿಯಲೈಜ್ಡ್ ಅಂತ ಬರೆಯಿರಿ. ಜೋಡಣೆ ಮತ್ತು ಲಿಮಿಟ್ ಹೊರಗಿರಲಿ. ಆಗ ಮೊದಲು ಪದ ಹುಡುಕಿ, ಆಮೇಲೆ ಜೋಡಿಸುತ್ತದೆ. ತೀರಾ ಸಾಮಾನ್ಯ ಪದಗಳಿಗೆ ಇದರಿಂದ ಸ್ವಲ್ಪ ನಿಧಾನ ಆಗಬಹುದು, ಎರಡನ್ನೂ ಅಳೆದು ನೋಡಿ. ಜೊತೆಗೆ ಆ ಕಾಲಂನ ಸ್ಟ್ಯಾಟಿಸ್ಟಿಕ್ಸ್ ಅನ್ನು 100ರಿಂದ 1000ಕ್ಕೆ ಏರಿಸಿ ಅನಲೈಜ್ ಮಾಡಿದರೆ ಅಂದಾಜು ಸುಧಾರಿಸಬಹುದು.

ಟಿಎಸ್-ರ್‍ಯಾಂಕ್‌ನಿಂದ (ಸಾಲು ಎಷ್ಟು ಚೆನ್ನಾಗಿ ಹೊಂದುತ್ತದೆ ಅನ್ನುವ ಅಂಕ) ಜೋಡಿಸುವವರಿಗೂ ಇದೇ ಥರದ ಕಷ್ಟ. ಪದ ಪಠ್ಯದಲ್ಲಿ ಎಲ್ಲೆಲ್ಲಿದೆ ಅನ್ನುವ ಮಾಹಿತಿ ಜಿನ್ ಇಂಡೆಕ್ಸಿನಲ್ಲಿ ಇರುವುದಿಲ್ಲ. ಹೊಂದಿದ ಪ್ರತಿ ಸಾಲಿನ ಟಿಎಸ್-ವೆಕ್ಟರ್ ತೆಗೆದು ಓದಲೇಬೇಕು. ಲಕ್ಷ ಸಾಲು ಹೊಂದಿದರೆ ಲಕ್ಷ ಓದು.

## ಹಂತ 7: ಕೆಲವು ದಿನಗಳ ಮೇಲೆ ಮತ್ತೆ ನೋಡಿ

ಜಿನ್ ಇಂಡೆಕ್ಸ್ ಹೊಸ ಬರಹಗಳನ್ನು ಮೊದಲು ಒಂದು ಬಾಕಿ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಪ್ರತಿ ಹುಡುಕಾಟವೂ ಆ ಪಟ್ಟಿಯನ್ನು ಪೂರ್ತಿ ಓದುತ್ತದೆ. ಮಿತಿ ತಾನಾಗಿ 4 ಎಂಬಿ. ದೊಡ್ಡದಾಗಿ ಡೇಟಾ ತುಂಬಿದ ಮೇಲೆ ಹುಡುಕಾಟ ಎಳೆಯುತ್ತಿದ್ದರೆ ವ್ಯಾಕ್ಯೂಮ್ (ಟೇಬಲ್ ಶುಚಿ ಮಾಡುವ ಕಮಾಂಡ್) ಮಾಡಿ, ಅಥವಾ ಜಿನ್-ಕ್ಲೀನ್-ಪೆಂಡಿಂಗ್-ಲಿಸ್ಟ್ ಫಂಕ್ಷನ್ ಓಡಿಸಿ.

ಪಿಜಿ-ಸ್ಟ್ಯಾಟ್-ಯೂಸರ್-ಇಂಡೆಕ್ಸಸ್ ತೆಗೆದು ಇಂಡೆಕ್ಸ್ ಎಷ್ಟು ಸಲ ಬಳಕೆಯಾಗಿದೆ ನೋಡಿ. ತಿಂಗಳಾದರೂ ಸೊನ್ನೆ ಇದ್ದರೆ, ಅದು ಪ್ರೈಮರಿ ಕೀ ಅಥವಾ ಯೂನಿಕ್ ಅಲ್ಲದಿದ್ದರೆ, ರೆಪ್ಲಿಕಾ ಸರ್ವರ್‌ನಲ್ಲೂ ಬಳಕೆ ಇಲ್ಲದಿದ್ದರೆ ತೆಗೆಯಿರಿ.

## ಕೂಡಲೇ ಎಚ್ಚರಾಗಬೇಕಾದ ಲಕ್ಷಣಗಳು

ಪ್ಲಾನಿನಲ್ಲಿ ಹೀಪ್ ಬ್ಲಾಕ್ಸ್ ಪಕ್ಕ ಲಾಸಿ ಅಂತ ದೊಡ್ಡ ಅಂಕಿ ಕಂಡರೆ ವರ್ಕ್-ಮೆಮ್ (ಕ್ವೆರಿಯ ಒಂದು ಕೆಲಸಕ್ಕೆ ಕೊಡುವ ಮೆಮೊರಿಯ ಮಿತಿ) ಸಾಲುತ್ತಿಲ್ಲ. ಅದು ತಾನಾಗಿ 4 ಎಂಬಿ. ಮೊದಲು ನಿಮ್ಮ ಸೆಷನ್ನಿನಲ್ಲಿ ಮಾತ್ರ ಏರಿಸಿ ನೋಡಿ. ಸರ್ವರ್‌ಗೆಲ್ಲ ಒಮ್ಮೆಗೇ ಏರಿಸಬೇಡಿ, ಒಂದೇ ಕ್ವೆರಿ ಅದನ್ನು ಹಲವು ಪಟ್ಟು ಬಳಸಬಹುದು.

ಅಂದಾಜು ಸಾಲು 1, ನಿಜವಾಗಿ ಬಂದದ್ದು 50 ಸಾವಿರ ಅಂತಿದ್ದರೆ ಉಳಿದೆಲ್ಲ ಬಿಟ್ಟು ಮೊದಲು ಅನಲೈಜ್ ಮಾಡಿ. ಆಟೊವ್ಯಾಕ್ಯೂಮ್ ತಾನಾಗಿ ಅನಲೈಜ್ ಮಾಡುವುದು ಟೇಬಲ್‌ನ ಸುಮಾರು ಶೇ. 10ರಷ್ಟು ಬದಲಾದ ಮೇಲೆ.

ಅತಿ ಗಂಭೀರವಾದದ್ದು ಇದು: ಟೇಬಲ್‌ನಲ್ಲಿ ಕಣ್ಣೆದುರಿಗೇ ಇರುವ ಸಾಲು, ಇಂಡೆಕ್ಸ್ ಮೂಲಕ ಹುಡುಕಿದರೆ ಸಿಗುತ್ತಿಲ್ಲ. ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಇತ್ತೀಚೆಗೆ ಬದಲಾಯಿತೇ ಅಂತ ವಿಚಾರಿಸಿ. ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿಯ 2.28ನೇ ಆವೃತ್ತಿ 2018ರಲ್ಲಿ ಬಂದಾಗ ಅಕ್ಷರಗಳನ್ನು ಜೋಡಿಸುವ ಕ್ರಮವೇ ಬದಲಾಯಿತು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಓದಿದರೆ ಸಾಲುಗಳು ತಪ್ಪಿಹೋಗುತ್ತವೆ, ಯೂನಿಕ್ ಕಾಲಂನಲ್ಲಿ ನಕಲು ಸಾಲು ನುಸುಳಬಹುದು. ಆ್ಯಮ್‌ಚೆಕ್ ಎಕ್ಸ್‌ಟೆನ್ಷನ್‌ನಿಂದ ಪರೀಕ್ಷಿಸಿ, ಪಠ್ಯದ ಕಾಲಂಗಳ ಬಿ-ಟ್ರೀ ಇಂಡೆಕ್ಸ್‌ಗಳನ್ನೆಲ್ಲ ರೀಇಂಡೆಕ್ಸ್ ಮಾಡಿ. ನಕಲು ಸಾಲು ಆಗಲೇ ನುಸುಳಿದ್ದರೆ ಯೂನಿಕ್ ಇಂಡೆಕ್ಸಿನ ರೀಇಂಡೆಕ್ಸ್ ತಪ್ಪು ತೋರಿಸಿ ನಿಲ್ಲುತ್ತದೆ. ಮೊದಲು ಆ ಸಾಲುಗಳನ್ನು ಕೈಯಾರೆ ನೋಡಿ, ಯಾವುದು ಉಳಿಯಬೇಕು ಅಂತ ತೀರ್ಮಾನಿಸಿ ತೆಗೆಯಿರಿ. ಅದಕ್ಕೂ ಮೊದಲು ಬ್ಯಾಕಪ್ ತೆಗೆದುಕೊಳ್ಳಿ.

## ಮೈಎಸ್‌ಕ್ಯೂಎಲ್ ಇದ್ದರೆ

ಹಂತಗಳ ಕ್ರಮ ಇದೇ, ಹೆಸರುಗಳು ಬೇರೆ. ಎಕ್ಸ್‌ಪ್ಲೇನ್ ಅನಲೈಜ್ 8.0.18ರಿಂದ ಇದೆ. ಅದರ ಮಾಮೂಲಿ ಸ್ಟೋರೇಜ್ ಎಂಜಿನ್ ಆದ ಇನ್ನೋಡಿಬಿಯ ಫುಲ್‌ಟೆಕ್ಸ್ಟ್ ಇಂಡೆಕ್ಸ್ ತಾನಾಗಿ ಮೂರಕ್ಷರಕ್ಕಿಂತ ಚಿಕ್ಕ ಪದವನ್ನು ಬಿಟ್ಟುಬಿಡುತ್ತದೆ. ಆ ಮಿತಿ ಬದಲಿಸಿದರೆ ಸರ್ವರ್ ರೀಸ್ಟಾರ್ಟ್ ಮಾಡಿ ಇಂಡೆಕ್ಸನ್ನೂ ಮತ್ತೆ ಕಟ್ಟಬೇಕು. ಪದದ ನಡುವೆ ಹುಡುಕಲು ಎನ್‌ಗ್ರಾಂ ಪಾರ್ಸರ್ ಬಳಸಿ. ಇನ್ನೊಂದು ತಪ್ಪು ಇಲ್ಲಿ ಮಾತ್ರ ಆಗುವಂಥದ್ದು: ಪಠ್ಯದ ಕಾಲಂನಲ್ಲಿ ಫೋನ್ ನಂಬರ್ ಇಟ್ಟು, ಉದ್ಧರಣ ಚಿಹ್ನೆ ಇಲ್ಲದೆ ಬರೀ ಅಂಕಿ ಕೊಟ್ಟು ಹುಡುಕುವುದು. ಮೈಎಸ್‌ಕ್ಯೂಎಲ್ ತಪ್ಪು ಅನ್ನುವುದಿಲ್ಲ, ಸದ್ದಿಲ್ಲದೆ ಇಂಡೆಕ್ಸ್ ಬಿಟ್ಟು ಇಡೀ ಟೇಬಲ್ ಓದುತ್ತದೆ.